ಬಡ ಕುಟುಂಬಗಳಿಗೆ ಸರ್ಕಾರದ ನೆರವು ಹೆಚ್ಚಿಸಿ ಎಂದು ಸಣ್ಣ ಸೇವಾಸಂಸ್ಥೆ ಒತ್ತಾಯಿಸುವುದು ಹೇಗೆ?

ಕಷ್ಟದಲ್ಲಿರುವ ಕುಟುಂಬಗಳಿಗೆ ದಿನಸಿ ಹಂಚುವ ಸಣ್ಣ ಸಂಸ್ಥೆ ನಿಮ್ಮದು, ಹಂಚಿದಷ್ಟೂ ಸಾಲು ಬೆಳೆಯುತ್ತಿದೆ, ಸರ್ಕಾರದ ನೆರವನ್ನೇ ಹೆಚ್ಚಿಸಿ ಎಂದು ಕೇಳುವುದು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ. ಆ ಸಾಲಿನಿಂದಲೇ ಶುರು ಮಾಡಿ. ‘ಬಡವರಿಗೆ ಇನ್ನಷ್ಟು ಕೊಡಿ’ ಎಂಬ ಮನವಿಯನ್ನು ಎಲ್ಲರೂ ನಗುತ್ತಾ ತೆಗೆದುಕೊಳ್ಳುತ್ತಾರೆ, ಕಡತ ಮಾತ್ರ ಯಾರೂ ತೆರೆಯುವುದಿಲ್ಲ. ಇಂಥ ಯೋಜನೆಯ ಇಂಥ ನಿಯಮ ಬದಲಾಗಬೇಕು ಎಂದರೆ ಉತ್ತರ ಕೊಡಲೇಬೇಕಾದ ಒಬ್ಬ ಅಧಿಕಾರಿ ಇರುತ್ತಾರೆ.

ಬಂದ ಪ್ರತಿ ಕುಟುಂಬವನ್ನೂ ಒಂದು ಪ್ರಶ್ನೆ ಕೇಳಿ: ಈ ತಿಂಗಳು ದುಡ್ಡು ಸಾಲದೇ ಹೋಗಿದ್ದೇಕೆ? ಉತ್ತರಕ್ಕೆ ಐದು ಕಲಂ ಸಾಕು. ನೆರವು ಬರುತ್ತಿದೆ, ಸಾಲದು. ಅರ್ಹತೆ ಇದೆ, ಅರ್ಜಿ ಹಾಕಿಲ್ಲ. ಅರ್ಜಿ ತಿರಸ್ಕೃತವಾಗಿದೆ. ಮಂಜೂರಾಗಿದೆ, ಹಣ ಬಂದಿಲ್ಲ. ಹಣ ಬಂದಿದೆ, ಅದರಲ್ಲಿ ಕಡಿತವಾಗಿದೆ. ಮೂರು ತಿಂಗಳು ಬಿಡದೆ ಬರೆದಿಟ್ಟರೆ ಯಾವ ಕಲಂ ತುಂಬುತ್ತಿದೆ ಎಂದು ಕಾಣುತ್ತದೆ, ಅದೇ ನಿಮ್ಮ ಬೇಡಿಕೆ. ಪಾವತಿ ತಡವಾಗುವುದು ಇಲಾಖೆಯ ಮಟ್ಟದಲ್ಲೇ ಸರಿಹೋಗಬಹುದು. ಅರ್ಹತೆಯ ನಿಯಮಕ್ಕೆ ಆದೇಶವೋ ಕಾಯ್ದೆ ತಿದ್ದುಪಡಿಯೋ ಬೇಕು. ಮೊತ್ತ ಹೆಚ್ಚಬೇಕಾದರೆ ಹಣಕಾಸು ಇಲಾಖೆ ಒಪ್ಪಬೇಕು, ಅದೂ ಬಜೆಟ್ ಮಂಡನೆಗೆ ನಾಲ್ಕೈದು ತಿಂಗಳು ಮೊದಲು. ಮಂಡನೆಯ ಹಿಂದಿನ ವಾರ ಮೆರವಣಿಗೆ ಮಾಡಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ, ಅಂಕಿ ಬದಲಾಗುವುದಿಲ್ಲ.

ಮೊತ್ತ ಸಾಲದು ಎನ್ನುವವರು ಎಷ್ಟು ಸಾಲದು ಎಂದು ತೋರಿಸಬೇಕು. ಒಂದೇ ಗಾತ್ರದ ಇಪ್ಪತ್ತು ಮೂವತ್ತು ಕುಟುಂಬಗಳ ಒಂದು ತಿಂಗಳ ಖರ್ಚು ಬರೆಸಿ: ಆಹಾರ, ಇಂಧನ, ವಿದ್ಯುತ್, ಓಡಾಟ, ಔಷಧ, ಮಕ್ಕಳ ಶಾಲೆಯ ಖರ್ಚು. ಬಾಡಿಗೆಯನ್ನು ಬೇರೆಯಾಗಿಡಿ, ಅದು ಊರಿಂದ ಊರಿಗೆ ತುಂಬಾ ಬದಲಾಗುವುದರಿಂದ ಇಡೀ ಲೆಕ್ಕವನ್ನೇ ಕೆಡಿಸುತ್ತದೆ. ಇದು ನಿಮ್ಮ ಬಳಿ ಬಂದವರ ಲೆಕ್ಕ ಎಂದೇ ಹೇಳಿ. ಇಡೀ ನಾಡಿನ ಸಮೀಕ್ಷೆ ಎಂಬಂತೆ ಮುಂದಿಟ್ಟರೆ ಮೊದಲ ಸಭೆಯಲ್ಲೇ ಬಿದ್ದುಹೋಗುತ್ತದೆ.

ಒಂದು ಸಲದ ಏರಿಕೆಗಿಂತ, ಬೆಲೆ ಏರಿದಂತೆ ಮೊತ್ತವೂ ತಾನಾಗಿ ಏರುವ ನಿಯಮ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಭಾರತದ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿಯಲ್ಲಿ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇತ್ತು, ಎಷ್ಟೋ ವರ್ಷ ಕಳೆದರೂ ಅಲ್ಲೇ ನಿಂತಿತು. ಯಾರೂ ಕಡಿತ ಮಾಡಲಿಲ್ಲ, ಬೆಲೆಗಳೇ ಆ ಕೆಲಸ ಮಾಡಿದವು. ಬ್ರಿಟನ್ನಿನಲ್ಲಿ ಸೆಪ್ಟೆಂಬರ್ ತಿಂಗಳ ಹಣದುಬ್ಬರ ನೋಡಿ ಮುಂದಿನ ಏಪ್ರಿಲ್‌ನಲ್ಲಿ ಭತ್ಯೆ ಏರಿಸುವ ರೂಢಿ ಇದೆ. ಆದರೂ ದುಡಿಯುವ ವಯಸ್ಸಿನವರ ಬಹುತೇಕ ಭತ್ಯೆಗಳನ್ನು 2016ರಿಂದ ನಾಲ್ಕು ವರ್ಷ ಏರಿಸದೆ ತಡೆಹಿಡಿದರು. ಹಾಗಾಗಿ ಈ ನಿಯಮ ಕಾಯ್ದೆಯಲ್ಲೇ ಬರಲಿ ಎಂದು ಕೇಳಿ.

ವೆಚ್ಚದ ಲೆಕ್ಕವನ್ನೂ ನೀವೇ ಒಯ್ಯಿರಿ: ಫಲಾನುಭವಿಗಳ ಸಂಖ್ಯೆ, ಹೆಚ್ಚಬೇಕಾದ ಮೊತ್ತ, ಹನ್ನೆರಡು ತಿಂಗಳು, ಮೂರನ್ನೂ ಗುಣಿಸಿ. ಮೊತ್ತ ಹೆಚ್ಚಿದರೆ ಹೊಸ ಅರ್ಜಿಗಳೂ ಬರುತ್ತವೆ, ಅದನ್ನು ಮುಚ್ಚಿಡಬೇಡಿ, ಸೇರಿಸಿಯೇ ತೋರಿಸಿ.

ಗೆದ್ದೆವು ಎಂದುಕೊಂಡಾಗಲೇ ಕೈಜಾರುವುದು ಎರಡು ಕಡೆ. ಒಂದು, ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ನಿಯಮ ಕಿತ್ತುಕೊಳ್ಳುವುದು. ಬ್ರಿಟನ್ನಿನಲ್ಲಿ 2017ರಲ್ಲಿ ಬಂದ ಎರಡು ಮಕ್ಕಳ ಮಿತಿಯನ್ನು, ಅಂದರೆ ಮಕ್ಕಳ ಭತ್ಯೆ ಮೊದಲ ಎರಡು ಮಕ್ಕಳಿಗಷ್ಟೇ ಎಂಬ ನಿಯಮವನ್ನು, ತೆಗೆಯುವುದಾಗಿ 2025ರ ನವೆಂಬರ್ ಬಜೆಟ್‌ನಲ್ಲಿ ಘೋಷಿಸಿದರು. ಆದರೆ ಒಂದು ಮನೆಗೆ ಒಟ್ಟು ಭತ್ಯೆ ಇಷ್ಟೇ ಎನ್ನುವ ಮತ್ತೊಂದು ಮಿತಿಯನ್ನು ಹಾಗೇ ಉಳಿಸಿಕೊಂಡರು. ಆ ಮಿತಿಯನ್ನು ಈಗಾಗಲೇ ಮುಟ್ಟಿರುವ ಮನೆಗೆ ಇದರಿಂದ ಒಂದು ಪೈಸೆಯೂ ಸಿಗದು. ಹೊಸ ಹಣವನ್ನು ಬೇರೆ ಯೋಜನೆಗಳಲ್ಲಿ ಆದಾಯ ಎಂದು ಎಣಿಸಬಾರದು ಎಂಬ ಸಾಲನ್ನು ಬೇಡಿಕೆಯಲ್ಲೇ ಬರೆಯಿರಿ. ಇನ್ನೊಂದು, ‘ತಾತ್ಕಾಲಿಕ’ ಏರಿಕೆ. ಕೋವಿಡ್ ಕಾಲದಲ್ಲಿ ಅದೇ ದೇಶ ಕಡಿಮೆ ಆದಾಯದವರ ಭತ್ಯೆಯನ್ನು ವಾರಕ್ಕೆ 20 ಪೌಂಡ್ ಹೆಚ್ಚಿಸಿತು, ಎಷ್ಟು ಸಂಸ್ಥೆಗಳು ಬೇಡಿಕೊಂಡರೂ 2021ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಗಡುವು ಇಟ್ಟು ಕೊಟ್ಟದ್ದನ್ನು ನಿಲ್ಲಿಸಲು ಸರ್ಕಾರ ಕಾರಣ ಹುಡುಕಬೇಕಾಗಿಲ್ಲ.

ಕುಟುಂಬದವರೇ ಮಾತಾಡಿದರೆ ಅದರ ತೂಕವೇ ಬೇರೆ, ಆದರೆ ಇಲ್ಲಿ ತುಂಬಾ ಜಾಗ್ರತೆ ಬೇಕು. ಕ್ಯಾಮೆರಾ ಮುಂದೆ ‘ಅಲ್ಲಿ ಇಲ್ಲಿ ಕೂಲಿ ಮಾಡ್ತೀನಿ’ ಎಂದ ಒಂದು ಮಾತಿಗೆ ಆದಾಯ ಮರುಪರಿಶೀಲನೆಯಾಗಿ ಇದ್ದ ನೆರವೂ ನಿಲ್ಲಬಹುದು. ಅವರ ಪ್ರಕರಣದ ಕಾಗದಗಳನ್ನು ಮೊದಲೇ ಓದಿ, ಪ್ರಕಟವಾಗುವ ಸಾಲುಗಳನ್ನು ಅವರಿಗೇ ಓದಿ ಹೇಳಿ, ಬೇಡ ಎನಿಸಿದಾಗ ಹಿಂದೆ ಸರಿಯಲು ಬಿಡಿ. ದಿನಸಿ ಕೊಡುವ ಹೊತ್ತಿನಲ್ಲಿ ಒಪ್ಪಿಗೆ ಕೇಳಲೇಬೇಡಿ. ಆ ಗಳಿಗೆಯಲ್ಲಿ ಯಾರೂ ಇಲ್ಲ ಎನ್ನಲಾರರು.

ಪಕ್ಷಗಳ ವಿಷಯದಲ್ಲಿ, ಒಂದೇ ಬೇಡಿಕೆ ಪತ್ರವನ್ನು ಎಲ್ಲರಿಗೂ ಒಂದೇ ದಿನ ಕೊಡಿ. ಅಮೆರಿಕದಲ್ಲಿ 501(ಸಿ)(3) ಸಂಸ್ಥೆ, ಅಂದರೆ ತೆರಿಗೆ ವಿನಾಯಿತಿ ಪಡೆದ ಸೇವಾಸಂಸ್ಥೆ, ಒಬ್ಬ ಅಭ್ಯರ್ಥಿಯ ಪರ ನಿಂತರೆ ತೆರಿಗೆ ವಿನಾಯಿತಿಯನ್ನೇ ಕಳೆದುಕೊಳ್ಳಬಹುದು. ನಿಮ್ಮ ನೋಂದಣಿಯ ಷರತ್ತುಗಳನ್ನೂ, ವಿದೇಶಿ ದೇಣಿಗೆ ಇದ್ದರೆ ಅದರ ಷರತ್ತುಗಳನ್ನೂ ಮೊದಲೇ ಓದಿಕೊಳ್ಳಿ.

ಆದೇಶ ಹೊರಬಿದ್ದ ಮೇಲೆ, ಮೊದಲು ಖರ್ಚು ಬರೆಸಿದ ಅದೇ ಕುಟುಂಬಗಳ ಮುಂದಿನ ಎರಡು ಪಾವತಿಗಳನ್ನು ಪರಿಶೀಲಿಸಿ. ಹಳೇ ಮೊತ್ತವೇ ಬಂದಿದ್ದರೆ ಆದೇಶದ ಸಂಖ್ಯೆ, ದಿನಾಂಕ ನಮೂದಿಸಿ ಪಾವತಿ ಮಾಡುವ ಕಚೇರಿಗೆ ಲಿಖಿತವಾಗಿ ಕೊಡಿ, ಬಾಕಿಯನ್ನು ಯಾವ ತಿಂಗಳಿಂದ ಕೊಡಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.