ಸಾಮಾನ್ಯ ಉಷ್ಣಾಂಶದ ವಿಕಿರಣ ಶೋಧಕಗಳಿಗೆ ದೊಡ್ಡ ಸ್ಫಟಿಕ ಬೆಳೆಸುವುದು ಏಕೆ ಕಷ್ಟ?

ಜರ್ಮೇನಿಯಂ ಶೋಧಕವನ್ನು ದ್ರವ ಸಾರಜನಕದಂಥದ್ದರಿಂದ ತಣ್ಣಗಿಡಬೇಕು, ಅದೇ ಕೆಲಸ ಮಾಡುವ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್ ಎಂಬ ಅರೆವಾಹಕಕ್ಕೆ ಆ ಉಪಚಾರ ಬೇಡ. ಹಾಗಿದ್ದರೆ ಅದರ ದೊಡ್ಡ ಸ್ಫಟಿಕಗಳನ್ನೇ ಬೆಳೆಸಬಾರದೇಕೆ ಎಂದು ಕೇಳಿದ್ದೀರಿ. ಕೆಲವು ವರ್ಷ ಇದೇ ಸ್ಫಟಿಕದ ಕುಲುಮೆಯ ಮುಂದೆ ಕಳೆದವನಾಗಿ ಹೇಳುತ್ತೇನೆ: ದೊಡ್ಡ ಗಟ್ಟಿಯನ್ನು ಬೆಳೆಸಬಹುದು, ಆದರೆ ಅದು ತುದಿಯಿಂದ ತುದಿಗೆ ಒಂದೇ ಗುಣದ್ದಾಗಿರುವಂತೆ ಬೆಳೆಸುವುದೇ ಕಷ್ಟ.

ಜರ್ಮೇನಿಯಂನ ಬ್ಯಾಂಡ್ ಅಂತರ, ಅಂದರೆ ಇಲೆಕ್ಟ್ರಾನ್ ಬಂಧದಿಂದ ಬಿಡಿಸಿಕೊಂಡು ಹರಿಯಲು ಬೇಕಾದ ಕನಿಷ್ಠ ಶಕ್ತಿ, ಸುಮಾರು 0.67 ಇಲೆಕ್ಟ್ರಾನ್ ವೋಲ್ಟ್ ಮಾತ್ರ. ಹೀಗಾಗಿ ಕೋಣೆಯ ಶಾಖಕ್ಕೇ ಸೋರಿಕೆ ವಿದ್ಯುತ್ ಹುಟ್ಟಿ ಸಂಕೇತವನ್ನು ಮುಳುಗಿಸಿಬಿಡುತ್ತದೆ. ಶೇಕಡಾ 10ರಷ್ಟು ಜಿಂಕ್ ಬೆರೆತ ನಮ್ಮ ಸ್ಫಟಿಕದಲ್ಲಿ ಆ ಅಂತರ ಸುಮಾರು 1.57. ಕ್ಯಾಡ್ಮಿಯಂ, ಟೆಲ್ಯುರಿಯಂಗಳ ಪರಮಾಣು ಸಂಖ್ಯೆ 48 ಮತ್ತು 52 ಆಗಿರುವುದರಿಂದ ಗಾಮಾ ಕಿರಣವನ್ನೂ ಅದು ಚೆನ್ನಾಗಿ ತಡೆಯುತ್ತದೆ.

ತೊಂದರೆ ಶುರುವಾಗುವುದು ಈ ವಸ್ತುವನ್ನು ಕರಗಿಸುವ 1100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಇಂಗಾಲದ ಲೇಪವಿರುವ ಕ್ವಾರ್ಟ್ಜ್ ಕೊಳವೆಯೊಳಗೆ. ಕ್ಯಾಡ್ಮಿಯಂ ಬೇಗ ಆವಿಯಾಗುವುದರಿಂದ ದ್ರವದಲ್ಲಿ ಟೆಲ್ಯುರಿಯಂ ಹೆಚ್ಚಾಗುತ್ತದೆ, ಸ್ಫಟಿಕದಲ್ಲಿ ಕ್ಯಾಡ್ಮಿಯಂನ ಖಾಲಿ ಸ್ಥಾನಗಳು ಉಳಿಯುತ್ತವೆ; ಅವುಗಳ ಪರಿಣಾಮವನ್ನು ಸರಿದೂಗಿಸಲು ಅತ್ಯಲ್ಪ ಇಂಡಿಯಂ ಬೆರೆಸಿ, ರೋಧಕತೆಯನ್ನು ಸುಮಾರು ಸಾವಿರ ಕೋಟಿ ಓಮ್-ಸೆಂಟಿಮೀಟರಿಗೆ ಏರಿಸಬೇಕು. ಮೊದಲು ಹೆಪ್ಪುಗಟ್ಟುವ ಭಾಗ ಜಿಂಕನ್ನು ಹೆಚ್ಚು ಎಳೆದುಕೊಳ್ಳುವುದರಿಂದ ಬುಡಕ್ಕೂ ತುದಿಗೂ ಸಂಯೋಜನೆಯೇ ಬೇರೆಯಾಗುತ್ತದೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಈ ವಸ್ತು ಶಾಖವನ್ನು ಸಾಗಿಸುವ ನಿಧಾನ. ಇದರಿಂದ ಘನ ಮತ್ತು ದ್ರವ ಕೂಡುವ ಗಡಿ ಚಪ್ಪಟೆಯಾಗಿರದೆ ಒಳಕ್ಕೆ ಬಾಗಿದರೆ ಕೊಳವೆಯ ಗೋಡೆಯಿಂದಲೇ ಬೇರೆ ಹೊಸ ಸ್ಫಟಿಕಗಳು ಹುಟ್ಟಿಕೊಳ್ಳುತ್ತವೆ.

ವಾರಗಟ್ಟಲೆ ಕಾದು ತಣ್ಣಗಾಗಿಸಿದ ಗಟ್ಟಿಯನ್ನು ಕೊಯ್ದಾಗ, ಹೊಳೆಯುವ ಮುಖದ ಮೇಲೆ ಅವಳಿ ಸ್ಫಟಿಕಗಳ (ಕನ್ನಡಿಯ ಬಿಂಬದಂತೆ ದಿಕ್ಕು ಬದಲಿಸಿ ಬೆಳೆದ ಭಾಗಗಳ) ನೇರ ಗೆರೆಗಳು ಹಾದುಹೋಗಿರುವುದನ್ನು ಕಂಡು ಎದೆ ಕುಸಿದದ್ದುಂಟು. ಗೆರೆಯಿಲ್ಲದ ತುಂಡನ್ನೂ ಅವಕೆಂಪು ಸೂಕ್ಷ್ಮದರ್ಶಕದಡಿ ಇಟ್ಟರೆ ಟೆಲ್ಯುರಿಯಂ ಕಣಗಳು ಕಪ್ಪು ತ್ರಿಕೋನಗಳಾಗಿ ಕಾಣುತ್ತವೆ. ಗಾಮಾ ಕಿರಣ ಬಿಡಿಸಿದ, ಸಂಕೇತ ಹುಟ್ಟಿಸುವ ಇಲೆಕ್ಟ್ರಾನುಗಳಲ್ಲಿ ಕೆಲವನ್ನು ಇವು ಹಿಡಿದಿಟ್ಟುಕೊಳ್ಳುತ್ತವೆ. ಇಲೆಕ್ಟ್ರಾನ್ ಬಿಟ್ಟುಹೋದ ಜಾಗಗಳು ಧನ ಆವೇಶದಂತೆ ಚಲಿಸುತ್ತವೆ; 'ರಂಧ್ರ' ಎನ್ನುವ ಇವಂತೂ ಮೊದಲೇ ನಿಧಾನ. ಅವು ಹೆಚ್ಚು ದೂರ ಸಾಗುವುದೇ ಇಲ್ಲ. ಇದರಿಂದಾಗಿ ಒಂದೇ ಶಕ್ತಿಯ ಗಾಮಾ ಕಿರಣ ಎಷ್ಟು ಆಳದಲ್ಲಿ ಬಿತ್ತು ಎಂಬುದರ ಮೇಲೆ ಸಂಕೇತದ ಎತ್ತರ ಬದಲಾಗುತ್ತದೆ.

ಟೆಲ್ಯುರಿಯಂ ಅನ್ನೇ ದ್ರಾವಕವಾಗಿಸಿ, ಕಾಯಿಸುವ ವಲಯವನ್ನು ಮೆಲ್ಲಗೆ ಸರಿಸುವ ವಿಧಾನದಲ್ಲಿ ಕರಗುವ ಬಿಂದುವಿಗಿಂತ ಬಹಳ ಕಡಿಮೆ ಉಷ್ಣಾಂಶ ಸಾಕು, ಹಾಗಾಗಿ ಗುಣವೂ ಉತ್ತಮ. ಆದರೆ ದಿನಕ್ಕೆ ಕೆಲವೇ ಮಿಲಿಮೀಟರ್ ಬೆಳವಣಿಗೆ. ರಂಧ್ರಗಳ ಕೊರತೆಯನ್ನು ಮಾತ್ರ ಕುಲುಮೆಯಲ್ಲಿ ನೀಗಿಸಲಾಗದು. ಅದಕ್ಕೆ ಇಲೆಕ್ಟ್ರಾನುಗಳ ಚಲನೆಯನ್ನಷ್ಟೇ ಓದುವಂತೆ ವಿದ್ಯುದ್ವಾರವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಜಿಸುತ್ತಾರೆ. ನಿಮಗೆ ದೊಡ್ಡ ವಿಸ್ತೀರ್ಣ ಬೇಕಿದ್ದರೆ ಒಂದೇ ಬೃಹತ್ ಸ್ಫಟಿಕದ ಹಿಂದೆ ಹೋಗಬೇಡಿ. ಗಟ್ಟಿಯ ನಿರ್ದೋಷ ಭಾಗಗಳಿಂದ ಕೊಯ್ದ ಚಿಕ್ಕ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ.