ಶುರುವಿನ ಕೆಲಸ ಅಂದ್ರೆ ಅರ್ಧ ಹೊಟ್ಟೆಯ ಸಂಬಳನಾ?

"ಬಟ್ಟೆ ಅಂಗಡಿ ಕೆಲಸ ಕಲಿಯೋ ಹುಡುಗರದ್ದು, ಕನಿಷ್ಠ ವೇತನದಲ್ಲೇ ಸಂಸಾರ ನಡೀಬೇಕು ಅಂದ್ರೆ ಹೇಗೆ?" ಅಂತ ಕೇಳಿದ್ದೀರಿ. ನಡೆಯಲೇಬೇಕು ಅಂತ ನನ್ನ ಉತ್ತರ. ಅದು ಜೇಬುಖರ್ಚಿನ ದುಡ್ಡಲ್ಲ. ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಕೂಡಿ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ 1957ರಲ್ಲಿ ಕನಿಷ್ಠ ವೇತನದ ಲೆಕ್ಕ ಹಾಕಿದ್ದೇ ಒಂದು ಮನೆಯನ್ನು ಇಟ್ಟುಕೊಂಡು: ದುಡಿಯೋರು ಒಬ್ಬರು, ಊಟದ ಲೆಕ್ಕ ಮೂವರದ್ದು, ದಿನಕ್ಕೆ ತಲಾ 2,700 ಕ್ಯಾಲೊರಿ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಸೌದೆ, ದೀಪ. 1991ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು, ಮದುವೆಗೆ (ಮದುವೆಗೂ, ನೋಡಿ!) ಅಂತ ಶೇ. 25 ಸೇರಿಸಿತು.

ನಾನೂ ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಎರಡು ವರ್ಷ ಸೀರೆ ಮಡಚಿದವನೇ. ಪಕ್ಕದಲ್ಲಿದ್ದ ಅಕ್ಕ ಭದ್ರಾವತಿಯಿಂದ ಬರುತ್ತಿದ್ದರು. ಇಬ್ಬರು ಮಕ್ಕಳು, ಹನ್ನೊಂದು ವರ್ಷದಿಂದ ಅದೇ ಕೌಂಟರ್. ಎಲ್ಲಿಯ ಶುರು ಅದು? ತಿಂಗಳ 20 ದಾಟಿದರೆ ಅವರ ಡಬ್ಬಿಯಲ್ಲಿ ಅನ್ನ, ಮಜ್ಜಿಗೆ, ಒಂದು ಹೋಳು ಅಪ್ಪೆಮಿಡಿ, ಅಷ್ಟೇ.

ಸಣ್ಣ ಅಂಗಡಿಯವರಿಗೆ ಕಷ್ಟ, ಒಪ್ಪುತ್ತೇನೆ. ಆದರೆ ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಮರ ಹತ್ತುವ ಕೊನೆಗಾರ ಕೇಳಿದಷ್ಟು ಕೊಡ್ತೀವಿ, ಸುಮ್ನೆ ಅಲ್ಲ, ಜನ ಸಿಗಲ್ಲ ಅಂತ. ಅಂಗಡಿಗೆ ಸಿಗ್ತಾರೆ, ಅಲ್ವಾ?