ಓದುಗರ ಪ್ರಶ್ನೆ: ಆ ಗರಗರ ಸ್ವಲ್ಪ ಇರಲಿ ಬಿಡಿ

ಹೋದ ಸಂಚಿಕೆಯಲ್ಲಿ ನನ್ನ ಒಂದು ಹುಚ್ಚಿನ ಬಗ್ಗೆ ಬರೆದಿದ್ದೆ. ಅಮೆರಿಕದ ಹಳೇ ಬ್ಲೂಸ್ ಮತ್ತು ಜಾಝ್ ರೆಕಾರ್ಡುಗಳಿಂದ 48 ಹಾಡು ಆರಿಸಿ ಒಂದು ಸಂಕಲನ ಮಾಡುತ್ತಿದ್ದೇನೆ. 1920ರಿಂದ 1932ರವರೆಗಿನದ್ದು. ಹಾಡಿಗೆ ಮೂರು ನಿಮಿಷ, ಎರಡು ಸಿ.ಡಿ.ಗೆ ಸರಿಯಾಗುತ್ತದೆ. ಮಳೆಗಾಲ ಮುಗಿಯೋದರೊಳಗೆ ಮುಗಿಸ್ತೀನಿ ಅಂತ ಶುರು ಮಾಡಿದ್ದು. ಇದು ನಾಲ್ಕನೇ ವರ್ಷ. ಲೇಖನ ಓದಿ ಪ್ರಶ್ನೆ ಕಳಿಸಿದವರು ಇಷ್ಟು ಜನ ಇರುತ್ತಾರೆ ಅಂತ ನಾನು ಅಂದುಕೊಂಡಿರಲಿಲ್ಲ. ಒಬ್ಬರಂತೂ ಬೈದೂ ಇದ್ದಾರೆ. ಅವರಿಗೂ ಉತ್ತರ ಇದೆ.

ಪ್ರಶ್ನೆ: ಮೊದಲ ಜಾಝ್ ರೆಕಾರ್ಡು 1917ರದ್ದು ಅಂತ ಎಲ್ಲ ಕಡೆ ಓದಿದ್ದೇನೆ. ನೀವು 1920ರಿಂದ ಶುರು ಮಾಡಿದ್ದೀರಿ. ನಡುವಿನ ಮೂರು ವರ್ಷ ಎಲ್ಲಿ ಹೋಯಿತು ಸರ್?

ಉತ್ತರ: ಎಲ್ಲೂ ಹೋಗಿಲ್ಲ, ನಾನೇ ಬಿಟ್ಟೆ. 1917ರ ಫೆಬ್ರವರಿ 26ರಂದು ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ನ್ಯೂಯಾರ್ಕಿನಲ್ಲಿ ವಿಕ್ಟರ್ ಎಂಬ ರೆಕಾರ್ಡ್ ಕಂಪನಿಗೆ ನುಡಿಸಿತು. ಆಗಿನ್ನೂ ಅದು 'ಜಾಝ್' ಅಲ್ಲ, 'ಜಾಸ್'. ಐವರೂ ನ್ಯೂ ಆರ್ಲಿಯನ್ಸಿನ ಬಿಳಿಯರು. ಆ ಪ್ಲೇಟಿನ ಒಂದು ಬದಿಯಲ್ಲಿ ಕ್ಲಾರಿನೆಟ್ ಹುಂಜದ ಹಾಗೆ ಕೂಗುತ್ತದೆ, ಕಾರ್ನೆಟ್ ಕುದುರೆಯ ಹಾಗೆ ಕೆನೆಯುತ್ತದೆ, ಟ್ರಾಂಬೋನ್ ಅಂಬಾ ಅನ್ನುತ್ತದೆ. ಮೊದಲ ಸಲ ನಗು ಬರುತ್ತದೆ. ಮೂರನೇ ಸಲಕ್ಕೆ ಸಾಕಪ್ಪಾ ಅನಿಸುತ್ತದೆ. ನನಗೆ ಅನಿಸಿತು.

ನಾನು ಶುರು ಮಾಡಿದ್ದು ಮೇಮಿ ಸ್ಮಿತ್ ಹಾಡಿದ 'ಕ್ರೇಜಿ ಬ್ಲೂಸ್'ನಿಂದ. 1920ರ ಆಗಸ್ಟ್ 10, ಓಕೆ ಕಂಪನಿ. ಕಪ್ಪು ಹೆಂಗಸು ಬ್ಲೂಸ್ ಹಾಡಿದರೆ ಕೊಳ್ಳೋರು ಯಾರು ಅಂತ ಕಂಪನಿಯವರು ಮೂಗು ಮುರಿಯುತ್ತಿದ್ದ ಕಾಲ. ಹಾಡು ಬರೆದ ಪೆರ್ರಿ ಬ್ರಾಡ್‌ಫರ್ಡ್ ಒಂದೊಂದೇ ಬಾಗಿಲು ತಟ್ಟಿ ಒಪ್ಪಿಸಿದ. ಪ್ಲೇಟು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಆಮೇಲೆ ಎಲ್ಲ ಕಂಪನಿಗಳೂ ಕಪ್ಪು ಜನರಿಗೆಂದೇ 'ರೇಸ್ ರೆಕಾರ್ಡ್ಸ್' ಅಂತ ಬೇರೆ ಪಟ್ಟಿ ತೆಗೆದವು. ನನ್ನ 48ರಲ್ಲಿ ಮುಕ್ಕಾಲು ಪಾಲು ಆ ಪಟ್ಟಿಗಳಿಂದಲೇ ಬಂದದ್ದು.

ಇನ್ನು 'ಮೊದಲ' ಅನ್ನೋ ಪದ. ನ್ಯೂ ಆರ್ಲಿಯನ್ಸಿನ ಬಡ್ಡಿ ಬೋಲ್ಡನ್ ಹೇಗೆ ಊದುತ್ತಿದ್ದ ಅನ್ನೋದು ಕೇಳಿದವರ ಬಾಯಲ್ಲಷ್ಟೇ ಉಳಿದಿದೆ. ಅವನದೊಂದು ರೆಕಾರ್ಡೂ ಸಿಕ್ಕಿಲ್ಲ. ಹಾಗಾಗಿ 'ಮೊದಲ' ಅಂತ ಬರೆಯುವಾಗ ನಾನು ಪೆನ್ನು ಇಟ್ಟು ಪೆನ್ಸಿಲ್ ಹಿಡಿಯುತ್ತೇನೆ.

ಪ್ರಶ್ನೆ: ಈಗ ಒಂದು ಬಟನ್ ಒತ್ತಿದರೆ ಕಂಪ್ಯೂಟರೇ ಗರಗರ ಸದ್ದನ್ನೆಲ್ಲ ತೆಗೆದುಹಾಕುತ್ತದೆ. ನೀವು ಯಾಕೆ ಹಾಗೇ ಉಳಿಸಿಕೊಂಡಿದ್ದೀರಿ? ಹಳೆಯದು ಅಂತ ತೋರಿಸಿಕೊಳ್ಳೋಕಾ?

ಉತ್ತರ: ಹಾಗೇ ಉಳಿಸಿಲ್ಲ. ಚಟ್ ಚಟ್ ಅನ್ನೋದನ್ನು ಒಂದೊಂದಾಗಿ, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆದಿದ್ದೇನೆ. ಬಿಟ್ಟಿರೋದು ಹಿಂದೆ ಸುರಿಯುವ ಸಣ್ಣ ಸುಯ್ ಸದ್ದು ಮಾತ್ರ. ಬಟನ್ ಒತ್ತಿ ಅದನ್ನೂ ತೆಗೆದು ನೋಡಿದೆ. ಅದರ ಜತೆಗೇ ಕ್ಲಾರಿನೆಟ್ಟಿನ ಉಸಿರೂ ಹೋಯಿತು, ಹಾಡುವವಳ 'ಸ' 'ಶ'ಗಳೂ ಹೋದವು. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಕಂಬಳಿ ಹೊದ್ದು ಹಾಡಿದ ಹಾಗಾಯಿತು. ನೆಗಡಿ ಬಂತು ಅಂತ ಮೂಗನ್ನೇ ಕೊಯ್ದುಕೊಳ್ಳೋದು ಅಂದರೆ ಇದೇ.

ಅರ್ಧ ಗರಗರವನ್ನು ಕಂಪ್ಯೂಟರಿಗೆ ಮುಂಚೆಯೇ ತಪ್ಪಿಸಬಹುದು. ಮುಳ್ಳು ಸರಿ ಇರಬೇಕು ಅಷ್ಟೇ. ಎಲ್.ಪಿ. ನುಡಿಸುವ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು, ಅಂದರೆ 78ರ ಗೆರೆಗೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳು ಇಟ್ಟರೆ ಅದು ಗೆರೆಯ ತಳಕ್ಕೆ ಇಳಿದು ನೂರು ವರ್ಷದ ಕೊಳೆಯಲ್ಲಿ ಉರುಳಾಡುತ್ತದೆ. ಹಾಡು ಇರೋದು ಗೋಡೆಗಳ ಮೇಲೆ, ತಳದಲ್ಲಲ್ಲ. ನಾನು ಎರಡು ಮೂರು ಅಳತೆಯ ಮುಳ್ಳು ಇಟ್ಟುಕೊಂಡಿದ್ದೇನೆ. ಒಂದು ಅಳತೆ ಹಳೇ ಗ್ರಾಮಫೋನಿನ ಉಕ್ಕಿನ ಮುಳ್ಳು ಸವೆಸಿದ ಜಾಗದ ಮೇಲೆ ಕೂರುತ್ತದೆ, ಇನ್ನೊಂದು ಸವೆಯದ ಜಾಗ ಹುಡುಕಿಕೊಳ್ಳುತ್ತದೆ. ಸಿಕ್ಕರೆ ಅದೃಷ್ಟ.

ತೊಳೆಯೋ ವಿಷಯದಲ್ಲಿ ನನ್ನ ಮೂರ್ಖತನವನ್ನೂ ಹೇಳಿಬಿಡ್ತೀನಿ. ಮೊದಲ ವರ್ಷ ಒಂದು ಪ್ಲೇಟಿಗೆ ಬೆರಳಿನ ಗುರುತು ಹತ್ತಿತ್ತು. ಕನ್ನಡಕ ಒರೆಸುವ ಸ್ಪಿರಿಟ್ ಕೈಗೆ ಸಿಕ್ಕಿತು. ಹಾಕಿ ಒರೆಸಿದೆ. ಬಿಳೀ ಬಟ್ಟೆಗೆ ಕಪ್ಪು ಹತ್ತಿತು. ಅಬ್ಬಾ ಎಷ್ಟು ಕೊಳೆ ಅಂತ ಇನ್ನಷ್ಟು ಒರೆಸಿದೆ. ಕೊಳೆ ಅಲ್ಲ, ಅದು ಪ್ಲೇಟೇ! ಈ ಪ್ಲೇಟುಗಳನ್ನು ಕಟ್ಟಿ ಹಿಡಿದಿರೋದು ಶೆಲ್ಯಾಕ್, ಅಂದರೆ ಅರಗು. ಪಾಂಡವರ ಮನೆಯ ಅರಗು ಬೆಂಕಿಗೆ ಕರಗಿತು, ನನ್ನದು ಸ್ಪಿರಿಟ್ಟಿಗೆ. ಈಗ ಡಿಸ್ಟಿಲ್ಡ್ ವಾಟರಿಗೆ ಎರಡು ಹನಿ ಸೌಮ್ಯ ಸೋಪು, ಮೆತ್ತನೆ ಬ್ರಷ್, ಲೇಬಲ್ ಒದ್ದೆಯಾಗದ ಹಾಗೆ. ಆ ಪ್ಲೇಟು ಇನ್ನೂ ಇಟ್ಟುಕೊಂಡಿದ್ದೇನೆ. ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತದೆ, ಅಲ್ಲಿ ಏನೂ ಕೇಳಿಸುವುದಿಲ್ಲ.

ಪ್ರಶ್ನೆ: ಬೆಸ್ಸಿ ಸ್ಮಿತ್ ಹಾಡಿದ 'ಸೇಂಟ್ ಲೂಯಿಸ್ ಬ್ಲೂಸ್' ನನ್ನ ಹತ್ತಿರ ಎರಡು ಸಿ.ಡಿ.ಗಳಲ್ಲಿದೆ. ಒಂದರಲ್ಲಿ ದನಿ ದಪ್ಪ, ಇನ್ನೊಂದರಲ್ಲಿ ತೆಳು. ಯಾವುದು ನಿಜವಾದ ಬೆಸ್ಸಿ?

ಉತ್ತರ: ಈ ಪ್ರಶ್ನೆ ಕೇಳಿದವರ ಕೈ ಕುಲುಕಬೇಕು ಅನಿಸಿತು. ನನ್ನ ನಾಲ್ಕು ವರ್ಷದಲ್ಲಿ ಒಂದೂವರೆ ವರ್ಷ ತಿಂದದ್ದು ಇದೇ.

78 ಅನ್ನೋದು ಹೆಸರಿಗೆ ಮಾತ್ರ. ನಿಮಿಷಕ್ಕೆ 78 ಸುತ್ತು ಅಂತ ಆಮೇಲೆ ಎಲ್ಲರೂ ಒಪ್ಪಿಕೊಂಡರು. ಅದಕ್ಕೆ ಮುಂಚೆ ಕಂಪನಿಗೊಂದು, ಕೆಲವು ಸಲ ದಿನಕ್ಕೊಂದು ವೇಗ. ಎಷ್ಟೋ ಕಡೆ ಯಂತ್ರ ತಿರುಗುತ್ತಿದ್ದುದು ಗಡಿಯಾರದಲ್ಲಿರುವ ಹಾಗೆ ತೂಕದ ಗುಂಡು ಕೆಳಗಿಳಿಯುವ ಬಲದಿಂದ. ವ್ಯತ್ಯಾಸ ಸಣ್ಣದು ಅನಿಸಬಹುದು. ಆದರೆ 78ರ ಬದಲು 82.6ಕ್ಕೆ ತಿರುಗಿಸಿದರೆ ಶ್ರುತಿ ಅರ್ಧ ಸ್ವರ ಮೇಲೇರುತ್ತದೆ. ದನಿಗೆ ಐದಾರು ವರ್ಷ ವಯಸ್ಸೂ ಕಡಿಮೆಯಾಗುತ್ತದೆ.

ಈ ಹಾಡಿನಲ್ಲಿ ನಮ್ಮ ಪುಣ್ಯಕ್ಕೆ ಒಬ್ಬ ಸಾಕ್ಷಿ ಇದ್ದಾನೆ. 1925ರ ಜನವರಿ 14ರಂದು ಬೆಸ್ಸಿ ಜತೆ ಇದ್ದದ್ದು ಇಬ್ಬರೇ. ಕಾರ್ನೆಟ್ಟಿಗೆ ಲೂಯಿ ಆರ್ಮ್‌ಸ್ಟ್ರಾಂಗ್, ಹಾರ್ಮೋನಿಯಮ್ಮಿಗೆ ಫ್ರೆಡ್ ಲಾಂಗ್‌ಶಾ. ಕಾರ್ನೆಟ್ಟನ್ನು ತುಟಿಯಲ್ಲಿ ಎಳೆದು ಬಗ್ಗಿಸಬಹುದು, ಗಂಟಲನ್ನೂ ಬಗ್ಗಿಸಬಹುದು. ಹಾರ್ಮೋನಿಯಂ ರೀಡು ಬಗ್ಗುವುದಿಲ್ಲ. ಶ್ರುತಿ ಅಳೆಯುವ ಟ್ಯೂನರ್ ಮುಂದಿಟ್ಟುಕೊಂಡು, ಹಿಂದೆ ಹಿಡಿದೇ ಇರುವ ಆ ರೀಡಿನ ಸ್ವರವನ್ನಷ್ಟೇ ಹಿಡಿದು, ವೇಗವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬದಲಿಸಿದೆ. ಸ್ವರ ಎರಡು ಮನೆಗಳ ನಡುವೆ ತ್ರಿಶಂಕುವಿನ ಹಾಗೆ ನೇತಾಡುತ್ತಿದ್ದದ್ದು ಒಂದು ಕಡೆ ಬಂದು ಕೂತಿತು. ಕೂತ ಕ್ಷಣಕ್ಕೆ ಬೆಸ್ಸಿಯ ದನಿಯೂ ಎದೆಯಿಂದ ಬಂದ ಹಾಗಾಯಿತು. ರಾತ್ರಿ ಒಂದೂವರೆ ಗಂಟೆ. ಎಬ್ಬಿಸಿ ಕೇಳಿಸೋಣ ಅಂದರೆ ಮನೆಯಲ್ಲಿ ಏಳುವವರು ಯಾರೂ ಇರಲಿಲ್ಲ.

ಆ ಹಾರ್ಮೋನಿಯಮ್ಮೇ ಅಪಶ್ರುತಿಯಲ್ಲಿತ್ತು ಅಂದರೆ? ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ. ಬ್ಯಾಂಡುಗಳ ವಿಷಯದಲ್ಲಿ ಇನ್ನೊಂದು ಉಪಾಯ ಇದೆ. ಕಾರ್ನೆಟ್, ಕ್ಲಾರಿನೆಟ್ಟಿನವರಿಗೆ ಬಿ ಫ್ಲಾಟ್, ಇ ಫ್ಲಾಟ್, ಎಫ್ ಶ್ರುತಿಗಳು ಸಲೀಸು, ಎಫ್ ಶಾರ್ಪ್ ಕಷ್ಟ. ಇಡೀ ಬ್ಯಾಂಡು ಎಫ್ ಶಾರ್ಪಿನಲ್ಲಿ ನುಡಿಸುತ್ತಿದೆ ಅಂತ ಟ್ಯೂನರ್ ಹೇಳಿದರೆ ಮೊದಲು ಅನುಮಾನ ಪಡಬೇಕಾದದ್ದು ನಿಮ್ಮ ಟರ್ನ್‌ಟೇಬಲ್ ಮೇಲೆ. ನಿಮ್ಮ ಎರಡು ಸಿ.ಡಿ.ಗಳನ್ನೂ ಹೀಗೇ ನೋಡಿ. ಎರಡೂ ತಪ್ಪಿರಬಹುದು.

ಪ್ರಶ್ನೆ: ರಾಬರ್ಟ್ ಜಾನ್ಸನ್ ಇಲ್ಲದ ಬ್ಲೂಸ್ ಸಂಕಲನ ಒಂದು ಸಂಕಲನವೇ? ನಿಮಗೆ ಕಿವಿ ಇದೆಯೇ?

ಉತ್ತರ: ಇದೆ, ಎರಡೂ. ಜಾನ್ಸನ್ ಹಾಡಿದ್ದು 1936ರ ನವೆಂಬರಿನಲ್ಲಿ ಸ್ಯಾನ್ ಆಂಟೋನಿಯೋದಲ್ಲಿ, 1937ರ ಜೂನಿನಲ್ಲಿ ಡಲ್ಲಾಸಿನಲ್ಲಿ. ಒಟ್ಟು 29 ಹಾಡು. ನನ್ನ ಗೆರೆ 1932. ಗೆರೆ ಎಲ್ಲಾದರೂ ಎಳೆಯಲೇಬೇಕಲ್ವಾ? ಅವನ 29ನ್ನೂ ಎಲ್ಲ ಕಡೆ ಕೇಳಬಹುದು. ಅವನಿಗೆ ಮುಂಚಿನ ಚಾರ್ಲಿ ಪ್ಯಾಟನ್, ಸನ್ ಹೌಸ್, ಸ್ಕಿಪ್ ಜೇಮ್ಸ್ ಇವರನ್ನು ಕೇಳಿಸೋಣ ಅಂತ ನನ್ನಾಸೆ. ಅವರನ್ನು ಕೇಳಿ ಬಂದ ಮೇಲೆ ಜಾನ್ಸನ್ ಆಕಾಶದಿಂದ ಉದುರಿದವನ ಹಾಗೆ ಕಾಣಿಸುವುದಿಲ್ಲ.

ಪ್ರಶ್ನೆ: ನೀವು ಆರಿಸಿದ ಪ್ಯಾರಾಮೌಂಟ್ ರೆಕಾರ್ಡುಗಳು ಉಳಿದವುಗಳಿಗಿಂತ ಯಾಕೆ ಅಷ್ಟು ಕೆಟ್ಟದಾಗಿ ಕೇಳಿಸುತ್ತವೆ? ಒಳ್ಳೆ ಪ್ರತಿ ಸಿಗಲಿಲ್ಲವೇ?

ಉತ್ತರ: ಒಳ್ಳೆ ಪ್ರತಿ ಅಂದರೇ ಅದು! ಪ್ಯಾರಾಮೌಂಟ್ ನಡೆಸುತ್ತಿದ್ದುದು ವಿಸ್ಕಾನ್ಸಿನ್ ಚೇರ್ ಕಂಪನಿ. ಹೆಸರೇ ಹೇಳುವ ಹಾಗೆ ಕುರ್ಚಿ ಮಾಡುವವರು. ಗ್ರಾಮಫೋನಿನ ಮರದ ಪೆಟ್ಟಿಗೆಯನ್ನೂ ಮಾಡುತ್ತಿದ್ದರು. ಪೆಟ್ಟಿಗೆ ಮಾರಾಟವಾಗಬೇಕಾದರೆ ಪ್ಲೇಟೂ ಇರಬೇಕು ಅಂತ ಪ್ಲೇಟಿಗೆ ಕೈ ಹಾಕಿದರು. ಅರಗಿಗೆ ಅಗ್ಗದ ಬೆರಕೆ ಹಾಕಿ ಒತ್ತಿದರು, ಹೊಸ ಪ್ಲೇಟೇ ಗರಗರ ಅನ್ನುತ್ತಿತ್ತು. ಮಾ ರೈನಿ, ಬ್ಲೈಂಡ್ ಲೆಮನ್ ಜೆಫರ್ಸನ್, ಪ್ಯಾಟನ್ ಇವರೆಲ್ಲ ಹಾಡಿದ್ದು ಇವರಿಗೇ. 1932ರ ಹೊತ್ತಿಗೆ ಹೊಸ ಧ್ವನಿಮುದ್ರಣ ನಿಂತಿತು, ಪ್ಲೇಟು ಒತ್ತುವ ಲೋಹದ ಮಾಸ್ಟರುಗಳು ಗುಜರಿಗೆ ಹೋದವು. ನಾವು ಬ್ಲೂಸ್ ಇತಿಹಾಸ ಅಂತ ಕರೆಯೋದರಲ್ಲಿ ದೊಡ್ಡ ಪಾಲು, ಕುರ್ಚಿ ಮಾರುವವರು ಇದು ಖರ್ಚಾಗಬಹುದು ಅಂದುಕೊಂಡದ್ದು. ಅವರು ಯಾರನ್ನು ಬಾಗಿಲಿಂದಲೇ ವಾಪಸು ಕಳಿಸಿದರೋ ಅವರ ಹಾಡು ಯಾವ ಸಂಕಲನದಲ್ಲೂ ಬರುವುದಿಲ್ಲ. ನನ್ನ ಟಿಪ್ಪಣಿಯ ಮೊದಲ ಪುಟದಲ್ಲೇ ಇದನ್ನು ಬರೆದಿದ್ದೇನೆ.

ಅವರ ವ್ಯಾಪಾರದ ಬುದ್ಧಿಗೂ ಒಂದು ಸಲಾಂ ಹೇಳಬೇಕು. ಪ್ಯಾಟನ್ ಹಾಡಿದ ಒಂದು ಪ್ಲೇಟಿನ ಮೇಲೆ ಅವನ ಹೆಸರಿಲ್ಲ, 'ಮಾಸ್ಕ್ಡ್ ಮಾರ್ವೆಲ್' ಅಂತಿದೆ. ಯಾರು ಅಂತ ಊಹಿಸಿದವರಿಗೆ ಒಂದು ಪ್ಲೇಟು ಬಿಟ್ಟಿ. ಲೇಬಲ್ ನಂಬಿ ಪಟ್ಟಿ ಮಾಡುವವರು ಇಲ್ಲೇ ಎಡವೋದು. ಎಡ್ಡಿ ಲ್ಯಾಂಗ್ ಅನ್ನೋ ಬಿಳಿಯ ಗಿಟಾರ್ ವಾದಕ, ಕಪ್ಪು ಗಿಟಾರ್ ವಾದಕ ಲಾನಿ ಜಾನ್ಸನ್ ಜತೆ ನುಡಿಸುವಾಗ 'ಬ್ಲೈಂಡ್ ವಿಲ್ಲಿ ಡನ್' ಆಗುತ್ತಿದ್ದ. ಅವನಿಗೆ ಕಣ್ಣು ಚೆನ್ನಾಗೇ ಕಾಣುತ್ತಿತ್ತು.

ಪ್ರಶ್ನೆ: 'ಹೀಬೀ ಜೀಬೀಸ್' ಹಾಡುವಾಗ ಆರ್ಮ್‌ಸ್ಟ್ರಾಂಗ್ ಕೈಯಿಂದ ಕಾಗದ ಬಿದ್ದು, ಮಾತು ಮರೆತು, ಹಾಗೇ ಸ್ಕ್ಯಾಟ್, ಅಂದರೆ ಅರ್ಥವಿಲ್ಲದ ಮಾತಿನಲ್ಲಿ ಹಾಡೋದು, ಹುಟ್ಟಿತಂತೆ. ನಿಜವೇ?

ಉತ್ತರ: ಕಥೆ ಚೆನ್ನಾಗಿದೆ. ಆದರೆ ಆ ಹಾಡು 1926ರದ್ದು. ಅರ್ಥವಿಲ್ಲದ ಮಾತಿನಲ್ಲಿ ಹಾಡುವುದನ್ನು ಜೀನ್ ಗ್ರೀನ್ ಎಂಬಾತ 1911ರಲ್ಲೇ ರೆಕಾರ್ಡು ಮಾಡಿದ್ದ. ಕಾಗದ ಬಿದ್ದಿರಬಹುದು, ಸ್ಕ್ಯಾಟ್ ಅವತ್ತು ಹುಟ್ಟಲಿಲ್ಲ.

ಪ್ರಶ್ನೆ: ಒಂದೇ ಹಾಡು ಮೂರು ನಾಲ್ಕು ಸಲ ರೆಕಾರ್ಡಾಗಿದ್ದರೆ ಯಾವುದನ್ನು ಆರಿಸುತ್ತೀರಿ? ಅಪರೂಪದ್ದನ್ನೋ?

ಉತ್ತರ: ಅಪರೂಪ ಅನ್ನೋದು ಕೊಳ್ಳುವವರ ತಲೆನೋವು, ಕೇಳುವವರದ್ದಲ್ಲ. ಡ್ಯೂಕ್ ಎಲಿಂಗ್‌ಟನ್ 'ಬ್ಲ್ಯಾಕ್ ಅಂಡ್ ಟ್ಯಾನ್ ಫ್ಯಾಂಟಸಿ'ಯನ್ನು 1927 ಒಂದರಲ್ಲೇ ತನ್ನ ಬ್ಯಾಂಡಿನ ಜತೆ ಮೂರು ಕಂಪನಿಗಳಿಗೆ ನುಡಿಸಿದ. ಏಪ್ರಿಲಿನಲ್ಲಿ ಬ್ರನ್ಸ್‌ವಿಕ್, ಅಕ್ಟೋಬರಿನಲ್ಲಿ ವಿಕ್ಟರ್, ನವೆಂಬರಿನಲ್ಲಿ ಓಕೆ. ಓಕೆಯಲ್ಲಿ ಬಬ್ಬರ್ ಮೈಲಿ ಇಲ್ಲ, ಅವನ ಜಾಗದಲ್ಲಿ ಜ್ಯಾಬೋ ಸ್ಮಿತ್. ಸ್ಮಿತ್ ಸೊಗಸಾಗೇ ಊದುತ್ತಾನೆ. ಆದರೆ ಈ ಹಾಡಿಗೆ ಬೇಕಾದದ್ದು ಮೈಲಿಯ ಆ ಗುರುಗುಟ್ಟುವ ಟ್ರಂಪೆಟ್. ನಾನು ಅಕ್ಟೋಬರಿನದ್ದನ್ನು ಇಟ್ಟುಕೊಂಡೆ. ಏಪ್ರಿಲಿನದೇ ಮೇಲು ಅನ್ನುವ ಗೆಳೆಯರೊಬ್ಬರು ಎರಡು ತಿಂಗಳು ನನ್ನ ಜತೆ ಮಾತು ಬಿಟ್ಟಿದ್ದರು.

ಪ್ರಶ್ನೆ: ಇದನ್ನೆಲ್ಲ ಪ್ರಕಟಿಸಿ ಮಾರಬಹುದೇ? ನೂರು ವರ್ಷದ ಹಾಡಿಗೆ ಎಂಥ ಹಕ್ಕು?

ಉತ್ತರ: ನೂರು ವರ್ಷದ್ದೇ ಹಕ್ಕು. ಅಮೆರಿಕದಲ್ಲಿ 2018ರಲ್ಲಿ ಬಂದ ಕಾನೂನಿನ ಪ್ರಕಾರ 1923ಕ್ಕೆ ಮುಂಚಿನ ಧ್ವನಿಮುದ್ರಣಗಳೆಲ್ಲ 2022ರ ಜನವರಿ 1ಕ್ಕೆ ಮುಕ್ತವಾದವು. 1923ರವು 2024ರ ಜನವರಿಗೆ, 1924ರವು 2025ಕ್ಕೆ, ಹೀಗೇ ವರ್ಷಕ್ಕೊಂದು ವರ್ಷ. ಆರ್ಮ್‌ಸ್ಟ್ರಾಂಗ್ ನುಡಿಸಿದ 1928ರ 'ವೆಸ್ಟ್ ಎಂಡ್ ಬ್ಲೂಸ್' ಅಲ್ಲಿ ಬಿಡುಗಡೆಯಾಗೋದು 2029ಕ್ಕೆ. ಜತೆಗೆ, ಧ್ವನಿಮುದ್ರಣದ ಹಕ್ಕು ಬೇರೆ, ಹಾಡು ಬರೆದವರ ಹಕ್ಕು ಬೇರೆ. ಎರಡನ್ನೂ ನೋಡಬೇಕು. ನನ್ನದು ಮಾರಾಟಕ್ಕಲ್ಲ, ಹಾಗಾಗಿ ನಿದ್ದೆ ಕೆಟ್ಟಿಲ್ಲ. ಹಾಡಿದವರಲ್ಲಿ ಎಷ್ಟೋ ಜನಕ್ಕೆ ಅವತ್ತು ಸಿಕ್ಕಿದ್ದು ಕೈಮೇಲೆ ಒಂದಿಷ್ಟು ದುಡ್ಡು, ಅಷ್ಟೇ. ಈ ಹಕ್ಕಿನ ಲೆಕ್ಕ ಹಾಕುವಾಗ ಅದು ನೆನಪಾಗಿ ಬಾಯಿ ಕಹಿಯಾಗುತ್ತದೆ.

ಪ್ರಶ್ನೆ: ಬ್ಲೂಸ್ ಒಂದು ಸಿ.ಡಿ., ಜಾಝ್ ಒಂದು ಸಿ.ಡಿ. ಅಂತ ಬೇರೆ ಮಾಡಿದ್ದರೆ ಕೇಳೋಕೆ ಸುಲಭ ಆಗುತ್ತಿರಲಿಲ್ಲವೇ?

ಉತ್ತರ: ಮಾಡಿ ನೋಡಿದೆ. ಆರ್ಮ್‌ಸ್ಟ್ರಾಂಗನ್ನು ಎಲ್ಲಿ ಕೂರಿಸೋದು ಅಂತಲೇ ತಿಳಿಯಲಿಲ್ಲ. 1924ರಲ್ಲಿ ಮಾ ರೈನಿ ಹಿಂದೆ ಊದುತ್ತಾನೆ, 1925ರಲ್ಲಿ ಬೆಸ್ಸಿ ಹಿಂದೆ. 1927ರ ಡಿಸೆಂಬರಿನಲ್ಲಿ ಅವನದೇ ಹಾಟ್ ಫೈವ್ ಬ್ಯಾಂಡಿಗೆ ಬ್ಲೂಸ್ ಗಿಟಾರಿನ ಲಾನಿ ಜಾನ್ಸನ್ ಬಂದು ಕೂರುತ್ತಾನೆ. ಇವರು ಹೀಗೆ ಒಬ್ಬರ ಮನೆಗೊಬ್ಬರು ಹೋಗಿ ಬರುತ್ತಿರುವಾಗ ನಡುವೆ ಗೋಡೆ ಕಟ್ಟೋಕೆ ನಾನ್ಯಾರು?

ಹಾಗಾಗಿ ಬೆರೆಸಿದೆ. ತಾರೀಕಿನ ಪ್ರಕಾರವೂ ಜೋಡಿಸಿಲ್ಲ, ಕಿವಿಯ ಪ್ರಕಾರ. ಎರಡನೇ ಸಿ.ಡಿ.ಯ ಕೊನೆಯಲ್ಲಿ 'ವೆಸ್ಟ್ ಎಂಡ್ ಬ್ಲೂಸ್' ಇದೆ. ಅದರಲ್ಲಿ ಒಂದು ಕಡೆ ಕ್ಲಾರಿನೆಟ್ ಕೇಳುತ್ತದೆ, ಆರ್ಮ್‌ಸ್ಟ್ರಾಂಗ್ ಮಾತೇ ಇಲ್ಲದೆ ಬರೀ ದನಿಯಲ್ಲಿ ಉತ್ತರ ಕೊಡುತ್ತಾನೆ. ಅದಾದ ಮೇಲೆ ಏನಿಟ್ಟರೂ ಸಪ್ಪೆ. ಕೊನೆಗೆ ಹೊಳೆದದ್ದು ಬ್ಲೈಂಡ್ ವಿಲ್ಲಿ ಜಾನ್ಸನ್, 1927ರಲ್ಲಿ ಡಲ್ಲಾಸಿನಲ್ಲಿ ಮಾಡಿದ್ದು. ಅದರಲ್ಲೂ ಮಾತಿಲ್ಲ. ಗಿಟಾರ್ ತಂತಿಯ ಮೇಲೆ ಏನೋ ಜಾರುತ್ತಾ ನರಳುತ್ತದೆ, ಅವನು ಜತೆಗೆ ಗುಂಯ್‌ಗುಡುತ್ತಾನೆ, ಅಷ್ಟೇ. ಅದು ಬ್ಲೂಸ್ ಅಲ್ಲ, ಭಕ್ತಿಗೀತೆ ಅಂತ ಕಾಗದ ಬರೆಯುವವರು ಧಾರಾಳವಾಗಿ ಬರೆಯಿರಿ. ನನಗೂ ಗೊತ್ತು.

ಆ ಎರಡರ ನಡುವೆ ಎಷ್ಟು ಹೊತ್ತು ಸುಮ್ನೆ ಬಿಡಬೇಕು ಅನ್ನೋದು ಮಾತ್ರ ಇನ್ನೂ ಬಗೆಹರಿದಿಲ್ಲ. ಎರಡು ಸೆಕೆಂಡ್ ಸಾಲದು, ಆರು ಜಾಸ್ತಿ.